ಕೆಂಪು ಖೋಲಿಯೊಳಗೆ ಏನಿದೆ? ‘ಟ್ವಿನ್ ಪೀಕ್ಸ್’ನ ಆಚೆ ಲೋಕಗಳನ್ನು ಓದುವ ಬಗೆ

ಪ್ರಶ್ನೆ: ನಮಸ್ಕಾರ್ರೀ ಸರ. ನಾನೂ ನಮ್ಮ ತಮ್ಮನೂ ಕೂಡಿ ‘ಟ್ವಿನ್ ಪೀಕ್ಸ್’ ಅನ್ನೋ ಅಮೆರಿಕದ ಟಿವಿ ಧಾರಾವಾಹಿ, ಹಳೇದು, ನಡುವಿನ ಸಿನಿಮಾ, 2017ರದ್ದು ಎಲ್ಲಾ ನೋಡಿ ಮುಗಿಸೀವಿ. ಆ ಕೆಂಪು ಪರದಿ ಖೋಲಿ ಅಂದ್ರ ಏನ್ರೀ? ಬ್ಲ್ಯಾಕ್ ಲಾಡ್ಜ್ ಅಂದ್ರ ಅದೇನಾ, ಬ್ಯಾರೇನಾ? ನಾ ಅದು ನರಕ ಅಂತೀನಿ. ತಮ್ಮ ‘ಡೈರೆಕ್ಟರ್ ಮನಸಿಗೆ ಬಂದಂಗ ತೋರ್ಸ್ಯಾನ, ಅರ್ಥ ಗಿರ್ಥ ಏನೂ ಇಲ್ಲ’ ಅಂತಾನ. ಕಡೀ ಎಪಿಸೋಡ್ ನೋಡಿ ಇಬ್ಬರ ತಲೀನೂ ಕೆಟ್ಟದ. ಇನ್ನೊಮ್ಮೆ ನೋಡಬೇಕಂದ್ರ ಹ್ಯಾಂಗ ನೋಡಬೇಕು, ಸ್ವಲ್ಪ ಬಿಡಿಸಿ ಹೇಳ್ರಿ.
— ಓದುಗರೊಬ್ಬರು, ಕಲಬುರಗಿ

ಉತ್ತರ: ಕೆಂಪು ಖೋಲಿ ನರಕವಲ್ಲ, ಅದು ಕಾಯುವ ಜಾಗ. 1991ರ ಜೂನ್ 10ರಂದು ಪ್ರಸಾರವಾದ ಎರಡನೇ ಸೀಸನ್ನಿನ ಕೊನೆಯ ಕಂತಿನಲ್ಲಿ ಕೆಂಪು ಸೂಟಿನ ಮನುಷ್ಯ, ಲಾರಾ ಪಾಮರ್ ಎಂಬ ಹುಡುಗಿಯ ಕೊಲೆಯ ತನಿಖೆಗೆ ಬಂದ ಎಫ್‌ಬಿಐ ಅಧಿಕಾರಿ ಕೂಪರ್‌ಗೆ, ಇದು ‘ವೇಟಿಂಗ್ ರೂಮ್’ ಎಂದು ಬಾಯಿಬಿಟ್ಟೇ ಹೇಳುತ್ತಾನೆ. ಕೇಡಿನ ಲೋಕವಾದ ಬ್ಲ್ಯಾಕ್ ಲಾಡ್ಜ್‌ನ ಅನುಭವವೂ ಅದೇ ಪರದೆಗಳ ನಡುವೆಯೇ ಆಗುತ್ತದೆ. ಆದರೆ ಎರಡೂ ಒಂದೇ ಎಂದು ಬರೆದುಕೊಂಡರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಒಳಗೆ ಹೋದವರು ಯಾವ ಮನಸ್ಥಿತಿಯಲ್ಲಿ ಹೋಗಿದ್ದಾರೆ ಎಂಬುದರ ಮೇಲೆ ಆ ಖೋಲಿಯ ನಡವಳಿಕೆ ಬದಲಾಗುತ್ತದೆ. ಹಾಗಾಗಿ ನೋಡುವಾಗ ‘ಇದು ಯಾವ ಲೋಕ’ ಎಂಬ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ‘ಇಲ್ಲಿಗೆ ಬಂದವರಿಗೆ ಏನಾಗುತ್ತಿದೆ’ ಎಂದು ಕೇಳಿ. ಈ ಧಾರಾವಾಹಿಯ ಗಂಟುಗಳಲ್ಲಿ ಮುಕ್ಕಾಲು ಪಾಲು ಅಷ್ಟಕ್ಕೇ ಸಡಿಲವಾಗುತ್ತವೆ.

ನಿಮ್ಮ ತಮ್ಮನ ಮಾತನ್ನೂ ಪೂರ್ತಿ ತಳ್ಳಿಹಾಕುವಂತಿಲ್ಲ. ಇಲ್ಲಿ ಎಷ್ಟೋ ಸಂಗತಿಗಳು ಮೊದಲೇ ಯೋಜಿಸಿದವಲ್ಲ. ಬಾಬ್ ಎಂಬ ದುಷ್ಟಶಕ್ತಿಯ ಪಾತ್ರ ಮಾಡಿದ ಫ್ರಾಂಕ್ ಸಿಲ್ವಾ ನಟನಾಗಿ ಬಂದವರೇ ಅಲ್ಲ, ಸೆಟ್ಟಿನಲ್ಲಿ ಸಾಮಾನು ಜೋಡಿಸುವ ಕೆಲಸದವರು. ಪೈಲಟ್, ಅಂದರೆ ಪ್ರಾಯೋಗಿಕವಾಗಿ ತೆಗೆದ ಮೊದಲ ಕಂತಿನ ಚಿತ್ರೀಕರಣದಲ್ಲಿ ಲಾರಾಳ ತಾಯಿ ಬೆಚ್ಚಿ ಚೀರುವ ದೃಶ್ಯ ತೆಗೆಯುವಾಗ ಹಿಂದಿನ ಕನ್ನಡಿಯಲ್ಲಿ ಅವರ ಮುಖ ಮೂಡಿಬಿಟ್ಟಿತು. ಡೇವಿಡ್ ಲಿಂಚ್ ಅದನ್ನು ಕತ್ತರಿಸದೆ ಉಳಿಸಿಕೊಂಡರು. ಕೆಂಪು ಖೋಲಿಯ ಕಥೆಯೂ ಇಂಥದ್ದೇ. ಯುರೋಪಿನಲ್ಲಿ ಪೈಲಟ್ ಕಂತನ್ನು ಬಿಡಿ ಸಿನಿಮಾದಂತೆ ಮಾರಲು ಒಂದು ಮುಕ್ತಾಯ ಬೇಕಿತ್ತು. ಸಂಜೆ ಬಿಸಿಲಿಗೆ ಕಾದ ಕಾರಿನ ಮೇಲೆ ಕೈಯೂರಿ ನಿಂತಿದ್ದಾಗ ಆ ಖೋಲಿ ಹೊಳೆಯಿತು ಎಂದು ಲಿಂಚ್ ಹೇಳಿದ್ದಾರೆ. ಹಾಗೆ ತೆಗೆದ ದೃಶ್ಯವನ್ನೇ ಆಮೇಲೆ ಮೊದಲ ಸೀಸನ್ನಿನಲ್ಲಿ ಕೂಪರ್ ಕಾಣುವ ಕನಸಾಗಿ ಬಳಸಿದರು. ಆದರೆ ಆಕಸ್ಮಿಕವಾಗಿ ಬಂದದ್ದಕ್ಕೆ ಅರ್ಥವಿರುವುದಿಲ್ಲ ಎಂಬ ತೀರ್ಮಾನ ಮಾತ್ರ ಸರಿಯಲ್ಲ. ಬಂದದ್ದನ್ನು ಇಟ್ಟುಕೊಂಡು, ಅದರ ಸುತ್ತ 27 ವರ್ಷ ಕಥೆ ಕಟ್ಟಿದ್ದಾರಲ್ಲ, ಅರ್ಥ ಹುಟ್ಟುವುದು ಆ ಕಟ್ಟುವಿಕೆಯಲ್ಲಿ.

ಇನ್ನೊಂದು ಸಂಗತಿ ಗೊತ್ತಿರಲೇಬೇಕು: ಈ ಧಾರಾವಾಹಿಗೆ ಇಬ್ಬರು ಸೃಷ್ಟಿಕರ್ತರು, ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್. ಪುರಾಣ, ಇತಿಹಾಸ, ಗುಪ್ತ ಸಂಘಗಳು, ನಕ್ಷೆ, ಗ್ರಹಗತಿಯತ್ತ ಒಲವು ಫ್ರಾಸ್ಟ್ ಅವರದು. ಪರದೆ, ಬೆಳಕು, ಗುಂಯ್‌ಗುಡುವ ಸದ್ದು, ಮೈ ಜುಮ್ಮೆನ್ನಿಸುವ ನಿಧಾನ ಲಿಂಚ್ ಅವರದು. 1991ರ ಆ ಕೊನೆಯ ಕಂತಿಗೆ ಬರೆದಿಟ್ಟಿದ್ದ ಚಿತ್ರಕಥೆಯಲ್ಲಿ ಲಾಡ್ಜ್‌ನ ಭಾಗ ಬೇರೆಯೇ ಇತ್ತು. ನಿರ್ದೇಶಿಸಲು ಬಂದ ಲಿಂಚ್ ಅದನ್ನು ಬಹುಪಾಲು ಬಿಟ್ಟು, ಕೆಂಪು ಖೋಲಿಯನ್ನು ತಂದು ಸೆಟ್ಟಿನಲ್ಲೇ ಹೊಸದಾಗಿ ಕಟ್ಟಿದರು. ಮಾತಿನಲ್ಲಿ ಕೇಳುವ ಬ್ಲ್ಯಾಕ್ ಲಾಡ್ಜ್‌ಗೂ ಕಣ್ಣಿಗೆ ಕಾಣುವ ಕೆಂಪು ಖೋಲಿಗೂ ಸರಿಯಾಗಿ ತಾಳೆಯಾಗದಿರಲು ಇದೇ ಕಾರಣ. ನೋಡುಗರು ತಮಗೆ ಅರ್ಥವಾಗಲಿಲ್ಲವೆಂದು ತಲೆ ಕೆಡಿಸಿಕೊಳ್ಳುವ ಜಾಗದಲ್ಲಿ ನಿಜವಾಗಿ ಇರುವುದು ಇಬ್ಬರ ಕೈಬರಹ.

ಮಾತಿನ ಲಾಡ್ಜ್ ಎಲ್ಲಿಂದ ಬಂತು ನೋಡೋಣ. ಡೆಪ್ಯುಟಿ ಹಾಕ್ ಕೂಪರ್‌ಗೆ ಹೇಳುವುದಿಷ್ಟು: ಮನುಷ್ಯರನ್ನೂ ಪ್ರಕೃತಿಯನ್ನೂ ಆಳುವ ಆತ್ಮಗಳ ನೆಲೆಯಾದ ವೈಟ್ ಲಾಡ್ಜ್‌ಗೆ ಒಂದು ನೆರಳು ಇದೆ, ಅದೇ ಬ್ಲ್ಯಾಕ್ ಲಾಡ್ಜ್, ಪೂರ್ಣತೆಯ ಕಡೆ ಹೊರಟ ಪ್ರತಿ ಆತ್ಮವೂ ಅದನ್ನು ಹಾದುಹೋಗಬೇಕು, ಅಲ್ಲಿ ತನ್ನದೇ ನೆರಳನ್ನು ಎದುರಿಸಬೇಕು, ಧೈರ್ಯ ಅರೆಬರೆಯಾಗಿದ್ದರೆ ಆತ್ಮವೇ ನಾಶವಾಗುತ್ತದೆ. ಹಾಕ್ ಇದನ್ನು ತನ್ನ ಜನರ ನಂಬಿಕೆಯೆಂದು ಹೇಳಿದರೂ ಇದು ಅಮೆರಿಕದ ಮೂಲನಿವಾಸಿಗಳ ಪುರಾಣವಲ್ಲ. ಹಾಕ್ ಆ ನೆರಳಿಗೆ ಕೊಡುವ ಹೆಸರು ‘ಹೊಸ್ತಿಲಲ್ಲಿ ಕಾದು ಕೂತವ’; ಆ ಆಕೃತಿ 1842ರ ಬುಲ್ವರ್ ಲಿಟ್ಟನ್ ಅವರ ಇಂಗ್ಲಿಷ್ ಕಾದಂಬರಿಯಿಂದ ಹೊರಟು ಥಿಯಾಸಫಿ ಎಂಬ ಆಧ್ಯಾತ್ಮಿಕ ಪಂಥದ ಬರಹಗಳಲ್ಲಿ ನೆಲೆಯೂರಿದ್ದು. ಕೂಪರ್‌ನ ಹಳೆಯ ಸಹೋದ್ಯೋಗಿ, ಈಗ ವೈರಿಯಾದ ವಿಂಡಮ್ ಅರ್ಲ್ ಹೇಳುವ ‘ದುಗ್ಪಾ’ ಮಾಂತ್ರಿಕರೂ ಆ ಪಂಥದ ಸ್ಥಾಪಕರಲ್ಲಿ ಒಬ್ಬರಾದ ಬ್ಲಾವಟ್‌ಸ್ಕಿಯವರ ಬರಹಗಳಲ್ಲಿ ಬರುವವರೇ. ಅದೇ ಥಿಯಾಸಫಿಕಲ್ ಸೊಸೈಟಿಯ ಕೇಂದ್ರ 1882ರಿಂದ ಚೆನ್ನೈನ ಅಡ್ಯಾರಿನಲ್ಲಿದೆ. ಈ ಪುರಾಣದಲ್ಲಿ ನಮಗೆ ಏನೋ ಪರಿಚಿತ ವಾಸನೆ ಬಡಿಯುವುದು ಅದಕ್ಕೇ. ಭಾರತ, ಟಿಬೆಟ್‌ಗಳಿಂದ ಕಡ ತಂದು, ಪಾಶ್ಚಾತ್ಯರ ಕೈಯಲ್ಲಿ ಬೇರೆ ರೂಪ ಪಡೆದ ವಿಚಾರಗಳು ಅವು.

ಪರಿಚಿತ ಎನ್ನಿಸಿದ ಕೂಡಲೇ ನಮ್ಮ ಹೆಸರು ಅಂಟಿಸುವುದು ಮಾತ್ರ ಮೊದಲ ದೊಡ್ಡ ತಪ್ಪು. ಪುರಾಣದ ನರಕದಲ್ಲಿ ತೀರ್ಪು ಇದೆ, ಯಮನಿದ್ದಾನೆ, ಕರ್ಮಕ್ಕೆ ತಕ್ಕ ಶಿಕ್ಷೆಯಿದೆ. ಲಾಡ್ಜ್‌ನಲ್ಲಿ ಯಾರೂ ಯಾರ ಪಾಪವನ್ನೂ ಲೆಕ್ಕ ಹಾಕುವುದಿಲ್ಲ. ಒಳ್ಳೆಯವನಾದ ಕೂಪರ್ 25 ವರ್ಷ ಅಲ್ಲಿ ಸಿಕ್ಕಿಬೀಳುತ್ತಾನೆ, ಅವನ ಕೇಡಿನ ಪ್ರತಿರೂಪ ಹೊರಗೆ ಆರಾಮಾಗಿ ತಿರುಗುತ್ತದೆ. ಇಂಥ ನರಕವನ್ನು ಯಾವ ಪುರಾಣವೂ ಹೇಳುವುದಿಲ್ಲ. ಬಂದೇ ನವಾಜರ ದರ್ಗಾ ಇರುವ ಊರಿನವರು ನೀವು, ‘ಬರ್ಜಖ್’ ಎಂಬ ಮಾತು ಕೇಳಿರಬಹುದು: ಸಾವಿಗೂ ಕಯಾಮತ್ತಿಗೂ ನಡುವಿನ ಸ್ಥಿತಿ. ನರಕಕ್ಕಿಂತ ಆ ಕಲ್ಪನೆ ಕೆಂಪು ಖೋಲಿಗೆ ಹತ್ತಿರ. ಆದರೆ ಅಲ್ಲಿಗೆ ಹೋಗುವವರು ಸತ್ತವರು. ಕೆಂಪು ಖೋಲಿಗೆ ಬದುಕಿರುವವರೂ ಹೋಗುತ್ತಾರೆ, ಕೆಲವರು ಹೊರಗೂ ಬರುತ್ತಾರೆ. ಹೋಲಿಕೆ ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲಿ ಮುರಿಯುತ್ತದೆ ಎಂದು ಗುರುತಿಸಿದರೆ ಉಪಯೋಗವುಂಟು. ಬರೀ ಹೆಸರಿಟ್ಟು ಸುಮ್ಮನಾದರೆ ಏನೂ ಸಿಗುವುದಿಲ್ಲ.

ಕನ್ನಡದವರಿಗೆ ಇಂಥದ್ದನ್ನು ಓದಲು ಒಂದು ಒಳ್ಳೆಯ ತಯಾರಿ ಮೊದಲೇ ಇದೆ. ನಿಮ್ಮ ಪಕ್ಕದ ಬೀದರ್ ಜಿಲ್ಲೆಯ ಬಸವಕಲ್ಯಾಣದ ಹೆಸರಿನೊಂದಿಗೆ ಬೆಸೆದುಕೊಂಡ ಅಲ್ಲಮನ ಬೆಡಗಿನ ವಚನಗಳನ್ನು ನೆನೆಯಿರಿ. ಎದುರಿಗೆ ಕಾಣುವ ಚಿತ್ರ ಲೋಕದ ನಡೆಗೆ ಪೂರ್ತಿ ಉಲ್ಟಾ, ಆದರೆ ಒಳಗೆ ಒಂದು ಬಿಗಿಯಾದ ಕ್ರಮ. ಆಮೇಲೆ ಬಂದ ಟೀಕಾಕಾರರು ಒಂದೊಂದು ಚಿತ್ರಕ್ಕೂ ಷಟ್‌ಸ್ಥಲದ ಒಂದೊಂದು ಅರ್ಥ ಕೂಡಿಸಿ ವಚನ ಬಿಡಿಸಿದರು. ಆ ವಿಧಾನ ಅಲ್ಲಿ ನಡೆಯುತ್ತದೆ, ಏಕೆಂದರೆ ಹಿಂದೆ ಒಂದು ಸಿದ್ಧಾಂತದ ಬೆನ್ನೆಲುಬಿದೆ. ‘ಟ್ವಿನ್ ಪೀಕ್ಸ್’ಗೆ ಅಂಥ ಸಿದ್ಧಾಂತವಿಲ್ಲ. ಗೂಬೆ ಎಂದರೆ ಇದು, ಕುದುರೆ ಎಂದರೆ ಅದು, ಹಸಿರು ಉಂಗುರ ಎಂದರೆ ಮತ್ತೊಂದು ಎಂದು ಕೋಷ್ಟಕ ಮಾಡಿಕೊಂಡು ಕೂತವರು ಹತ್ತು ಗಂಟೆ ನೋಡುವಷ್ಟರಲ್ಲಿ ಹೈರಾಣಾಗುತ್ತಾರೆ, ಹಳೆಯ ಅರ್ಥ ಹೊಸ ದೃಶ್ಯಕ್ಕೆ ಕೂಡುವುದೇ ಇಲ್ಲ. ಚಿತ್ರದ ಒಳಗೆ ಒಂದು ಕ್ರಮವಿರುತ್ತದೆ ಎಂಬ ನಂಬಿಕೆಯನ್ನು ಬೆಡಗಿನಿಂದ ತನ್ನಿ. ಟೀಕೆಯ ಕೋಷ್ಟಕವನ್ನು ಅಲ್ಲೇ ಬಿಡಿ.

ಆ ಕ್ರಮವನ್ನು ಹತ್ತಿರದಿಂದ ನೋಡಲು 1991ರ ಕೊನೆಯ ಕಂತಿನ ಕಾಫಿಯ ದೃಶ್ಯಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಕೂಪರ್‌ಗೆ ಕಾಫಿ ಎಂದರೆ ಇಡೀ ಧಾರಾವಾಹಿಯಲ್ಲಿ ಖುಷಿ, ಭರವಸೆ, ದಿನ ಶುರುವಾದ ಗುರುತು. ಇಲ್ಲಿ ಹೋಟೆಲಿನ ಮುದುಕ ವೇಟರ್ ಕಾಫಿ ಕಪ್ ತಂದಿಡುತ್ತಾನೆ. ಕೂಪರ್ ಬಗ್ಗಿಸಿದರೆ ಕಾಫಿ ಗಟ್ಟಿ, ಒಂದು ಹನಿಯೂ ಬೀಳದು. ಮತ್ತೆ ಬಗ್ಗಿಸಿದರೆ ನೀರಿನಂತೆ ಸುರಿಯುತ್ತದೆ. ಮೂರನೇ ಸಲ ಸುಟ್ಟ ಎಂಜಿನ್ ಆಯಿಲ್‌ನಂತೆ ಮಂದವಾಗಿ ಜಾರುತ್ತದೆ. ಆ ಮಂದ ಕಪ್ಪು ನಮಗೆ ಹೊಸದಲ್ಲ. ಲಾಡ್ಜ್‌ನ ಬಾಗಿಲಾದ ಗ್ಲಾಸ್ಟನ್‌ಬರಿ ಗ್ರೋವ್‌ನಲ್ಲಿ 12 ಸಿಕಮೋರ್ ಗಿಡಗಳ ನಡುವಿನ ಗುಂಡಿಯಲ್ಲಿರುವುದೂ ಅದೇ ಎಣ್ಣೆ. ಅಂದರೆ ಹೊಸ್ತಿಲ ದ್ರವ ಅವನ ಅಚ್ಚುಮೆಚ್ಚಿನ ಕಾಫಿಯೊಳಗೇ ಬಂದು ಕೂತಿದೆ. ಮರುಕ್ಷಣ ಬೆಂಕಿ ಭುಗಿಲೇಳುತ್ತದೆ, ಚೀರಾಟ ಕೇಳುತ್ತದೆ, ಬೆಳಕು ಪಟಪಟನೆ ಬಡಿದುಕೊಳ್ಳತೊಡಗುತ್ತದೆ. ಕಾಯುವ ಖೋಲಿ ಬ್ಲ್ಯಾಕ್ ಲಾಡ್ಜ್ ಆಗುವುದು ಈ ಗಳಿಗೆಯಲ್ಲಿ. ಪರದೆ ಬದಲಾಗಿಲ್ಲ, ನೆಲ ಬದಲಾಗಿಲ್ಲ. ಕೂಪರ್‌ನ ಕಾಲ್ಕೆಳಗಿನ ನೆಮ್ಮದಿ ಮಾತ್ರ ಹೋಗಿದೆ.

ಅಲ್ಲಿಂದ ಮುಂದೆ ಅವನು ಪರದೆ ಸರಿಸಿ ಓಣಿಗೆ, ಓಣಿಯಿಂದ ಇನ್ನೊಂದು ಖೋಲಿಗೆ ಹೋಗುತ್ತಾನೆ. ಎಲ್ಲವೂ ತದ್ರೂಪ. ‘ತಪ್ಪು ದಾರಿ’ ಎಂಬ ಮಾತು ಕೇಳಿಸುತ್ತದೆ. ಇದರ ಪರಿಣಾಮ ಮೈಗೆ ತಿಳಿಯಬೇಕಾದರೆ ನಿಮ್ಮೂರ ಕೋಟೆಯೊಳಗಿನ, 1367ರ ಜಾಮಾ ಮಸೀದಿಗೆ ಹೋಗಿ ನಿಂತು ನೋಡಿ. ಬೇರೆ ಮಸೀದಿಗಳಂತೆ ನಡುವೆ ತೆರೆದ ಅಂಗಳವಿಲ್ಲ, ಪೂರ್ತಿ ಮೇಲುಹೊದಿಕೆ. ಕಮಾನಿನ ಹಿಂದೆ ಕಮಾನು, ಅದೇ ಅಳತೆ, ಅದೇ ಬಿಳುಪು. ಅಲ್ಲಿ ಆ ಪುನರಾವರ್ತನೆ ಮನಸ್ಸನ್ನು ಶಾಂತಗೊಳಿಸುತ್ತದೆ, ಏಕೆಂದರೆ ಎಲ್ಲ ಸಾಲುಗಳೂ ಕಿಬ್ಲಾದ ಒಂದೇ ದಿಕ್ಕಿಗೆ ಮುಖ ಮಾಡಿವೆ. ಲಿಂಚ್ ಅದೇ ಪುನರಾವರ್ತನೆಯಿಂದ ದಿಕ್ಕನ್ನು ಕಿತ್ತುಹಾಕುತ್ತಾರೆ, ಉಳಿಯುವುದು ಗಾಬರಿ. ಕೂಪರ್ ಓಡುತ್ತಾನೆ, ಬಿಳಿಗಣ್ಣಿನ ಅವನ ಪ್ರತಿರೂಪ ಬೆನ್ನಟ್ಟಿ ಹಿಡಿಯುತ್ತದೆ. ಹಾಕ್ ಹೇಳಿದ ಅರೆಬರೆ ಧೈರ್ಯ ಎಂದರೆ ಇದೇ. ಪ್ರೇಯಸಿ ಆ್ಯನಿಗಾಗಿ ತನ್ನ ಆತ್ಮವನ್ನೇ ಕೊಡಲು ಒಪ್ಪಿದಾಗ ಅವನು ಅಳುಕಲಿಲ್ಲ. ತನ್ನದೇ ಮುಖ ಎದುರಾದಾಗ ಬೆನ್ನು ತಿರುಗಿಸಿದ.

ಉಲ್ಟಾ ಮಾತಿನ ಬಗ್ಗೆಯೂ ನಿಮಗೆ ಕುತೂಹಲ ಇದ್ದೇ ಇರುತ್ತದೆ. ಅದು ಬರೀ ಕಂಪ್ಯೂಟರ್ ಕೈಚಳಕವಲ್ಲ. ನಟರು ಮಾತನ್ನು ಹಿಂದುಮುಂದಾಗಿ ಬಾಯಿಪಾಠ ಮಾಡಿ ಹೇಳುತ್ತಿದ್ದರು, ಆಮೇಲೆ ಆ ಚಿತ್ರವನ್ನೂ ಸದ್ದನ್ನೂ ತಿರುಗಿಸಿ ಓಡಿಸುತ್ತಿದ್ದರು. ಕೆಂಪು ಸೂಟಿನ ಮೈಕಲ್ ಆ್ಯಂಡರ್ಸನ್‌ಗೆ ಶಾಲೆಯ ದಿನಗಳಿಂದಲೇ ಹೀಗೆ ಮಾತಾಡುವ ರೂಢಿಯಿತ್ತು. ಮನೆಯಲ್ಲೇ ಮಾಡಿ ನೋಡಿ. ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ‘ಕಲಬುರಗಿ’ ಎಂದು ರೆಕಾರ್ಡ್ ಮಾಡಿ, ರಿವರ್ಸ್ ಒತ್ತಿ, ಕೇಳಿದ್ದನ್ನು ಅಣಕಿಸಿ ಕಲಿಯಿರಿ. ನಿಮ್ಮ ಆ ಅಣಕನ್ನು ರೆಕಾರ್ಡ್ ಮಾಡಿ ಮತ್ತೆ ತಿರುಗಿಸಿ. ಹೆಚ್ಚಿನವರು ಅಕ್ಷರಗಳನ್ನು ಹಿಂದುಮುಂದು ಮಾಡಿ ‘ಗಿರಬುಲಕ’ ಎಂದು ಹೇಳಿ ಕೆಡಿಸುತ್ತಾರೆ. ಧ್ವನಿ ತಿರುಗುವುದು ವ್ಯಂಜನ, ಸ್ವರ ಬಿಡಿಬಿಡಿಯಾಗಿ, ಆದ್ದರಿಂದ ಬರಬೇಕಾದದ್ದು ‘ಇಗರುಬಲಕ್’. ಸರಿಯಾಗಿ ಮಾಡಿದರೆ ಊರಿನ ಹೆಸರು ಗುರುತು ಸಿಗುತ್ತದೆ, ಆದರೆ ಒತ್ತು ತಪ್ಪಿದ ಜಾಗದಲ್ಲಿ ಬಿದ್ದು ಉಸಿರು ಒಳಗೆ ಹೋದಂತೆ ಕೇಳುತ್ತದೆ. ಅದೇ ಊರು, ಅದೇ ಮಾತು, ಆದರೆ ಕಾಲ ಹಿಂದಕ್ಕೆ ಓಡಿದೆ. ಕೆಂಪು ಖೋಲಿಯ ನಿಯಮವನ್ನು ಲಿಂಚ್ ಯಾರ ಬಾಯಿಂದಲೂ ವಿವರಿಸದೆ ಹೀಗೆ ಕಿವಿಗೆ ಹಾಕಿದ್ದಾರೆ.

ಕಾಲದ ವಿಷಯ ಬಂದದ್ದರಿಂದ ಅದನ್ನೂ ಮುಗಿಸುತ್ತೇನೆ. ಮೊದಲ ಸೀಸನ್ನಿನ ಕನಸಿನಲ್ಲಿ ಕೂಪರ್ ಆಗಲೇ ಮುದುಕನಾಗಿದ್ದಾನೆ. 1991ರಲ್ಲಿ ಲಾರಾ ‘25 ವರ್ಷಕ್ಕೆ ಮತ್ತೆ ಸಿಗುತ್ತೇನೆ’ ಎನ್ನುತ್ತಾಳೆ. 1992ರ ಸಿನಿಮಾ ಕಥೆಯಲ್ಲಿ ಧಾರಾವಾಹಿಗಿಂತ ಹಿಂದಿನದು, ಆದರೂ ಅದರಲ್ಲಿ ರಕ್ತಸಿಕ್ತ ಆ್ಯನಿ ಲಾರಾಳ ಹಾಸಿಗೆಯಲ್ಲಿ ಕಾಣಿಸಿಕೊಂಡು, ಒಳ್ಳೆಯ ಡೇಲ್ (ಎಂದರೆ ಕೂಪರ್) ಲಾಡ್ಜ್‌ನಲ್ಲಿ ಸಿಕ್ಕಿಬಿದ್ದಿದ್ದಾನೆ, ಡೈರಿಯಲ್ಲಿ ಬರೆದುಕೋ ಎನ್ನುತ್ತಾಳೆ. ಆ್ಯನಿ ಲಾಡ್ಜ್‌ಗೆ ಹೋಗುವುದು ಲಾರಾ ಸತ್ತ ಎಷ್ಟೋ ದಿನಗಳ ಮೇಲೆ! 2017ರಲ್ಲಿ ಹಾಕ್‌ಗೆ ಸಿಗುವ ಡೈರಿಯ ಹಾಳೆಗಳಲ್ಲಿ ಆ ಮಾತು ಬರೆದಿದೆ. ಅಲ್ಲಿ ಕಾಲಕ್ಕೆ ಸಾಲು ಇಲ್ಲ, ಆದರೆ ಇಲ್ಲಿ ಅದರ ಫಲ ಕಾಗದದ ಮೇಲೆ ಉಳಿಯುತ್ತದೆ. ಗುರು ಶನಿ ಕೂಡಿದಾಗ ಬಾಗಿಲು ತೆರೆಯುತ್ತದೆ ಎಂಬ ಮಾತನ್ನು ಪಂಚಾಂಗ ಹಿಡಿದು ಪರೀಕ್ಷಿಸಲು ಹೋಗಬೇಡಿ. ಕಥೆ ನಡೆಯುವುದು 1989ರ ಫೆಬ್ರುವರಿ, ಮಾರ್ಚ್‌ನಲ್ಲಿ. ಆ ಯುತಿ ಸುಮಾರು 20 ವರ್ಷಕ್ಕೊಮ್ಮೆ ಆಗುವಂಥದ್ದು: 1981, 2000, 2020. 1989ರಲ್ಲಿ ಆಗಲೇ ಇಲ್ಲ. ಅದಕ್ಕಿಂತ ಕೂಪರ್ ಕೊನೆಗೆ ಊಹಿಸುವ ಇನ್ನೊಂದು ಕೀಲಿ ಮುಖ್ಯ: ಭಯ ಬ್ಲ್ಯಾಕ್ ಲಾಡ್ಜ್‌ನ ಬಾಗಿಲು ತೆರೆಯುತ್ತದೆ, ಪ್ರೀತಿ ವೈಟ್ ಲಾಡ್ಜ್‌ನದು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಈ ಲೋಕಗಳ ಭೂಗೋಳವನ್ನೆಲ್ಲ ಸರಿಯಾಗಿ ಬಿಡಿಸಿ, ಲಾರಾಳನ್ನು ಮರೆತರೆ ಆ ವ್ಯಾಖ್ಯಾನ ತಪ್ಪು. ಹದಿನೇಳರ ಹುಡುಗಿಯೊಬ್ಬಳನ್ನು ಅವಳ ತಂದೆ ಲೆಲೆಂಡನೇ ವರ್ಷಗಟ್ಟಲೆ ಹಿಂಸಿಸಿ ಕೊಂದ ಕಥೆಯಿದು. ಬಾಬ್ ಎಂಬ ದುಷ್ಟಶಕ್ತಿ ಲೆಲೆಂಡ್‌ನ ಮೈಯಲ್ಲಿ ಹೊಕ್ಕಿತ್ತು, ಪಾಪ ಅವನದೇನು ತಪ್ಪು ಎಂದು ಮುಗಿಸಲು ಎರಡನೇ ಸೀಸನ್ ಸ್ವಲ್ಪ ಅವಕಾಶ ಕೊಡುತ್ತದೆ. ಮೈಮೇಲೆ ಬರುವುದನ್ನು ಕಂಡು ಕೇಳಿ ಬೆಳೆದ ನಮ್ಮಂಥವರಿಗೆ ಆ ಓದು ಇನ್ನೂ ಸಲೀಸು. ಆದರೆ ಲೆಲೆಂಡ್ ಸತ್ತ ಕಂತಿನಲ್ಲಿ ಶೆರಿಫ್ ಇದನ್ನೆಲ್ಲ ನಂಬುವುದು ಕಷ್ಟ ಎಂದಾಗ ಕೂಪರ್ ತಿರುಗಿ ಕೇಳುತ್ತಾನೆ: ತಂದೆಯೇ ಮಗಳಿಗೆ ಹೀಗೆ ಮಾಡಿದ ಎಂದು ನಂಬುವುದು ಸುಲಭವೇ? ಬಾಬ್ ಎಂದರೆ ಬಹುಶಃ ಮನುಷ್ಯರು ಮಾಡುವ ಕೇಡು, ಅಷ್ಟೇ ಎಂದು ಎಫ್‌ಬಿಐನ ಆಲ್ಬರ್ಟ್ ಹೇಳುತ್ತಾನೆ. 1992ರ ಸಿನಿಮಾ ಉಳಿದ ಸಂದೇಹವನ್ನೂ ತೆಗೆಯುತ್ತದೆ, ಲೆಲೆಂಡ್‌ಗೆ ಗೊತ್ತಿತ್ತು. ಕೊನೆಯ ಕಂತಿನ ಕೆಂಪು ಖೋಲಿಯಲ್ಲಿ ಲೆಲೆಂಡ್ ಎದುರಾಗಿ, ನಸುನಗುತ್ತ, ತಾನು ಯಾರನ್ನೂ ಕೊಂದಿಲ್ಲ ಎನ್ನುತ್ತಾನಲ್ಲ, ಅವನ ಕಣ್ಣು ನೋಡಿ. ಆ ಮಾತನ್ನು ಹೇಳುವುದು ಅವನ ಪ್ರತಿರೂಪ. ನಿರಾಕರಣೆಗೆ ಲಿಂಚ್ ಕೊಟ್ಟ ಜಾಗ ಅದು.

ಕೆನೆಯಂತಿರುವ ಮೆಕ್ಕೆಜೋಳದ ಗೊಜ್ಜನ್ನು ಲಾಡ್ಜ್‌ನವರು ತಿನ್ನುವುದನ್ನು ಈ ಬೆಳಕಿನಲ್ಲಿ ನೋಡಿ. ‘ಗಾರ್ಮನ್‌ಬೋಜಿಯಾ’ ಎಂದು ಅವರು ಕರೆಯುವ ಅದು ನೋವು ಮತ್ತು ದುಃಖ ಎಂದು ಸಿನಿಮಾದ ಸಬ್‌ಟೈಟಲ್ಲೇ ಹೇಳುತ್ತದೆ. ಶಿಕ್ಷಿಸುವ ಲೋಕ ಅಲ್ಲ ಎಂದೆನಲ್ಲ, ಇದು ಉಣ್ಣುವ ಲೋಕ. ಮನೆಯೊಳಗೆ ಮುಚ್ಚಿಟ್ಟ ಸಂಕಟ ಎಲ್ಲಿದೆಯೋ ಅಲ್ಲಿಗೆ ಅದರ ಬಾಯಿ ಚಾಚುತ್ತದೆ. ಲಾರಾಳ ಮನೆಯ ಮೆಟ್ಟಿಲಿನ ಫ್ಯಾನ್ ಇಷ್ಟು ಭಯ ಹುಟ್ಟಿಸುವುದೂ, ಕಾಡಿನ ಗುಂಡಿಗಿಂತ ಆ ಮನೆಯೇ ದೊಡ್ಡ ಬಾಗಿಲಾಗಿ ಕಾಣುವುದೂ ಇದರಿಂದ. ಅದೇ ಸಿನಿಮಾದ ಕೊನೆಯಲ್ಲಿ ಕೆಂಪು ಖೋಲಿಯಲ್ಲಿ ಕೂತ ಲಾರಾಳ ಹೆಗಲ ಮೇಲೆ ಕೂಪರ್ ಕೈಯಿಟ್ಟು ನಿಂತಿರುತ್ತಾನೆ, ಅವಳ ಗೋಡೆಯ ಚಿತ್ರದಿಂದ ಮಾಯವಾಗಿದ್ದ ದೇವದೂತೆ ಅಲ್ಲಿ ಇಳಿಯುತ್ತಾಳೆ, ಲಾರಾ ಅಳುತ್ತಲೇ ನಗುತ್ತಾಳೆ. ಅದೇ ಪರದೆ, ಅದೇ ನೆಲ. ನರಕ ಎಂಬ ನಿಮ್ಮ ಉತ್ತರ ನಿಲ್ಲದಿರುವುದಕ್ಕೆ ಈ ಒಂದು ದೃಶ್ಯ ಸಾಕು.

2017ರ 18 ಭಾಗಗಳಲ್ಲಿ ಲೋಕಗಳು ಹೆಚ್ಚಾಗುತ್ತವೆ: ನೇರಳೆ ಸಮುದ್ರ, ಅಲ್ಲಿ ಫೈರ್‌ಮ್ಯಾನ್ ಎಂಬ ಒಳ್ಳೆಯ ದೈತ್ಯನ ಅರಮನೆ, ಕನ್ವೀನಿಯನ್ಸ್ ಸ್ಟೋರ್ ಮೇಲಿನ ಕೋಣೆ, ಹಿಂದೆ ಕಾಣೆಯಾಗಿದ್ದ ಎಫ್‌ಬಿಐ ಅಧಿಕಾರಿ ಜೆಫ್ರೀಸ್ ಇರುವ ಕೆಟಲ್‌ನಂಥ ಯಂತ್ರ. ಇವುಗಳ ನಡುವಿನ ಸಾರಿಗೆ ವಿದ್ಯುತ್. ಸಾಕೆಟ್, ತಂತಿ, ಕಂಬ, ಗುಂಯ್ ಸದ್ದು ಬಂದಲ್ಲೆಲ್ಲ ದಾಟುವಿಕೆ ನಡೆಯುತ್ತಿದೆ ಎಂದು ತಿಳಿಯಿರಿ. ಫೈರ್‌ಮ್ಯಾನ್‌ನ ಜಾಗವೇ ವೈಟ್ ಲಾಡ್ಜ್ ಎಂದು ಹಲವರು ಹೇಳುತ್ತಾರೆ. ಎಂಟನೇ ಭಾಗದಲ್ಲಿ ನಾವು ಅದನ್ನು ನೋಡುವಾಗ ಆ ಹೆಸರನ್ನು ಯಾರೂ ಉಚ್ಚರಿಸುವುದಿಲ್ಲ, ನೀವೂ ಪೆನ್ಸಿಲ್ಲಿನಲ್ಲಿ ಬರೆದಿಟ್ಟುಕೊಂಡರೆ ಸಾಕು. ಎಂಟನೇ ಭಾಗದ ಸಾರ ಮಾತ್ರ ಸ್ಪಷ್ಟವಾಗಿದೆ. 1945ರ ಜುಲೈ 16, ನ್ಯೂ ಮೆಕ್ಸಿಕೊದ ಮೊದಲ ಅಣುಬಾಂಬ್ ಪರೀಕ್ಷೆ; ಕ್ಯಾಮೆರಾ ಆ ಅಣಬೆಮೋಡದ ಒಳಗೇ ನುಗ್ಗುತ್ತದೆ, ಹಿನ್ನೆಲೆಯಲ್ಲಿ ಹಿರೋಷಿಮಾದಲ್ಲಿ ಮಡಿದವರಿಗೆ ಪೆಂಡರೆಟ್ಸ್ಕಿ ಅರ್ಪಿಸಿದ ಸಂಗೀತ. ಅಲ್ಲಿಂದ ಬಾಬ್ ಹೊರಬೀಳುತ್ತಾನೆ. ಅದನ್ನು ಕಂಡ ಫೈರ್‌ಮ್ಯಾನ್ ಉತ್ತರವಾಗಿ ಕಳಿಸುವುದು ಒಂದು ಬಂಗಾರದ ಗೋಳ, ಒಳಗೆ ಲಾರಾಳ ಮುಖ. ಒಂದು ಮನೆಯ ಕೇಡನ್ನು ಇಡೀ ಶತಮಾನದ ಕೇಡಿನ ಪಕ್ಕದಲ್ಲಿ ನಿಲ್ಲಿಸಿದ್ದಾರೆ.

ಹದಿನಾಲ್ಕನೇ ಭಾಗದಲ್ಲಿ ಕನಸು ಕಾಣುತ್ತ ಕನಸಿನೊಳಗೇ ಬದುಕುವವನ ಮಾತು ಬರುತ್ತದೆ. ಲಿಂಚ್ 1973ರಿಂದ ಭಾವಾತೀತ ಧ್ಯಾನ ಮಾಡುತ್ತಿದ್ದವರು, ಉಪನಿಷತ್ತನ್ನು ಬಲ್ಲವರು. ಹಾಗೆಂದು ‘ಎಲ್ಲಾ ಮಾಯೆ’ ಎಂದು ಪುಸ್ತಕ ಮುಚ್ಚಬೇಡಿ. ಲಾರಾಳ ನೋವು ಮಾಯೆ ಎಂದು ಈ ಕಥೆ ಎಲ್ಲೂ ಹೇಳಿಲ್ಲ.

ಕೊನೆಯ ಕಂತಿಗೆ ಬರೋಣ. ಹದಿನೇಳನೇ ಭಾಗದಲ್ಲಿ ಕೂಪರ್ 1989ಕ್ಕೆ, ಲಾರಾ ಕೊಲೆಯಾದ ರಾತ್ರಿಗೆ ಹೋಗಿ ಲಾರಾಳ ಕೈ ಹಿಡಿಯುತ್ತಾನೆ. ಪೈಲಟ್ ಕಂತಿನ ಹಳೆಯ ಚಿತ್ರಿಕೆಯಲ್ಲಿ ದಂಡೆಯ ಹೆಣ ಮಾಯವಾಗುತ್ತದೆ, ಮೊದಲು ಆ ಹೆಣ ಕಂಡಿದ್ದ ಪೀಟ್ ನಿಶ್ಚಿಂತೆಯಿಂದ ಗಾಳ ಹಾಕಲು ಹೋಗುತ್ತಾನೆ. ಆದರೆ ಕೂಪರ್‌ನ ಕೈ ಹಿಡಿದಿದ್ದ ಲಾರಾಳೂ ಚೀರುತ್ತ ಕಾಣೆಯಾಗುತ್ತಾಳೆ. ಹದಿನೆಂಟರಲ್ಲಿ ಕೂಪರ್ ಕಾರನ್ನು 430 ಮೈಲಿ ಓಡಿಸಿ ಗಡಿ ದಾಟುತ್ತಾನೆ. ರಾತ್ರಿ ತಂಗಿದ ಮೋಟೆಲ್ ಬೇರೆ, ಬೆಳಿಗ್ಗೆ ಹೊರಬರುವ ಮೋಟೆಲ್ ಬೇರೆ. ಟೆಕ್ಸಾಸ್‌ನ ಒಡೆಸಾದಲ್ಲಿ ಲಾರಾಳದೇ ಮುಖದ ಕ್ಯಾರಿ ಪೇಜ್ ಸಿಗುತ್ತಾಳೆ. ಅವಳ ಮನೆಯೊಳಗೆ ಗುಂಡೇಟು ತಿಂದ ಹೆಣ ಕೂತಿದೆ, ಇಬ್ಬರೂ ಅದರ ಬಗ್ಗೆ ಚಕಾರ ಎತ್ತುವುದಿಲ್ಲ. ಆ ಮೌನವನ್ನು ಗಮನಿಸಿ. ಹಳೆಯ ಕೂಪರ್ ಆಗಿದ್ದರೆ ಕೇಳದೆ ಬಿಡುತ್ತಿರಲಿಲ್ಲ. ಕೊನೆಗೆ ಪಾಮರ್ ಮನೆಯ ಬಾಗಿಲು ತಟ್ಟಿದರೆ ತೆರೆಯುವವಳು ಟ್ರೆಮಂಡ್ ಎನ್ನುತ್ತಾಳೆ, ಹಿಂದಿನ ಮಾಲೀಕರು ಚಾಲ್‌ಫಾಂಟ್ ಎನ್ನುತ್ತಾಳೆ. ಎರಡೂ ಹಿಂದಿನ ಕಥೆಯಲ್ಲಿ ಲಾಡ್ಜ್‌ನ ಅಜ್ಜಿ ಬಳಸಿದ ಹೆಸರುಗಳು. ಬಾಗಿಲಲ್ಲಿ ನಿಂತವರ ಪಾತ್ರ ಮಾಡಿದ್ದು ಆ ಮನೆಯ ನಿಜವಾದ ಮಾಲೀಕರೇ.

ಇದನ್ನು ಬೇರೆ ಕಾಲರೇಖೆ ಎನ್ನುವವರಿದ್ದಾರೆ, ದುಷ್ಟಶಕ್ತಿ ಜೂಡಿಗೆ ಒಡ್ಡಿದ ಬಲೆ ಎನ್ನುವವರಿದ್ದಾರೆ, ಕಥೆ ನಮ್ಮ ಲೋಕಕ್ಕೇ ದಾಟಿಬಂತು ಎನ್ನುವವರಿದ್ದಾರೆ. ಮೂರಕ್ಕೂ ಆಧಾರವಿದೆ. ನನ್ನ ಅಭಿಪ್ರಾಯ ಕೇಳುವುದಾದರೆ ಮೂರೂ ಕ್ಯಾರಿಯ ಕೊನೆಯ ಚೀರಿಗೆ ಪೂರ್ತಿ ಉತ್ತರ ಕೊಡುವುದಿಲ್ಲ. ಕೂಪರ್ ನೋವನ್ನೇ ಅಳಿಸಿಹಾಕಲು ಹೊರಟ. ನೋವಿನೊಂದಿಗೆ ಆ ಹುಡುಗಿಯ ಹೆಸರು, ನೆನಪು, ಅವಳು ತಾನೇ ಗೆದ್ದುಕೊಂಡಿದ್ದ ಆ ದೇವದೂತೆಯ ಬಿಡುಗಡೆ ಎಲ್ಲವೂ ಅಳಿಸಿಹೋದವು. ಮನೆಯೊಳಗಿಂದ ತಾಯಿ ‘ಲಾರಾ’ ಎಂದು ಕರೆದ ದನಿ ಕೇಳಿದಾಗ ಮರೆತದ್ದೆಲ್ಲ ಒಮ್ಮೆಲೇ ವಾಪಸ್ ಬಂತು, ಮನೆಯ ಕರೆಂಟ್ ಹೋಯಿತು. ಯಾವ ವರ್ಷ ಇದು ಎಂದು ಕೂಪರ್ ಕೇಳುವುದು, ಕೆಂಪು ಖೋಲಿಯ ಕಾಲ ಈಗ ರಸ್ತೆಗೇ ಬಂದಿದೆ ಎಂಬುದಕ್ಕೆ ಸಾಕ್ಷಿ.

ಮತ್ತೆ ನೋಡುವ ಬಗೆ. ಮೊದಲು ಪೈಲಟ್, ಆದರೆ ಯುರೋಪಿನ ಮುಕ್ತಾಯವಿರುವ ಆವೃತ್ತಿಯಲ್ಲ, 94 ನಿಮಿಷದ ಮೂಲ ಆವೃತ್ತಿ. ಪೈಲಟ್ ಸೇರಿ ಹಳೆಯ 30 ಕಂತು, ಆಮೇಲೆ 1992ರ ಸಿನಿಮಾ, ಬಿಡುವಿದ್ದರೆ 2014ರಲ್ಲಿ ಬಂದ ಸಿನಿಮಾದ ಬಿಟ್ಟ ದೃಶ್ಯಗಳ ಸಂಕಲನ, ಕಡೆಗೆ 2017ರ 18 ಭಾಗ. ಕಥೆಯ ಕಾಲಕ್ರಮ ಎಂದು ಸಿನಿಮಾವನ್ನು ಮೊದಲಿಟ್ಟರೆ ಕೊಲೆಗಾರ ಗೊತ್ತಾಗಿ, ಮೊದಲ ಸೀಸನ್ನಿನ ಜೀವವೇ ಹೋಗುತ್ತದೆ. ಫ್ರಾಸ್ಟ್ 2016 ಮತ್ತು 2017ರಲ್ಲಿ ಬರೆದ ಎರಡು ಪುಸ್ತಕಗಳನ್ನು ಎಲ್ಲ ನೋಡಿಯಾದ ಮೇಲೆ ಓದಿ. ಅವು ಫ್ರಾಸ್ಟ್ ಅವರ ಓದು, ಪರದೆಯ ಮೇಲಿನ ಸಾಕ್ಷಿ ಅಲ್ಲ.

ಟಿವಿಯಲ್ಲಿ ಮೋಷನ್ ಸ್ಮೂದಿಂಗ್ ಆಫ್ ಮಾಡಿ, ‘ವಿವಿಡ್’ ತೆಗೆದು ‘ಸಿನಿಮಾ’ ಮೋಡ್ ಹಾಕಿ. ಚಿತ್ರವನ್ನು ನುಣುಪು ಮಾಡುವ ಸೆಟ್ಟಿಂಗ್ ಉಲ್ಟಾ ನಡಿಗೆಯ ತೊಡಕನ್ನೇ ಅಳಿಸುತ್ತದೆ, ವಿವಿಡ್‌ನಲ್ಲಿ ಪರದೆಯ ಮಡಿಕೆಗಳ ನೆರಳು ಕೆಂಪಿನಲ್ಲಿ ಮುಳುಗುತ್ತದೆ. ನಿಮ್ಮ ಕಡೆ ಏಪ್ರಿಲ್, ಮೇನಲ್ಲಿ ಕೂಲರ್ ಇಲ್ಲದೆ ಕೂರಲಾಗದು, ಕೂಲರ್ ಸದ್ದಿನಲ್ಲಿ ಲಿಂಚ್ ಅವರ ಕೆಳದನಿಯ ಗುಂಯ್ ಕೇಳಲಾಗದು. ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿಕೊಳ್ಳಿ. ಮನೆಯಲ್ಲಿ ಮೂರ್ಛೆರೋಗ ಇರುವವರಿದ್ದರೆ ಬೆಳಕು ಬಡಿದುಕೊಳ್ಳುವ ದೃಶ್ಯಗಳಿಂದ ದೂರವಿಡಿ, ಅವು ನಿಜಕ್ಕೂ ಅಪಾಯ.

ಒಂದು ನೋಟ್‌ಬುಕ್ಕಿನಲ್ಲಿ ಆಚೆ ಲೋಕದ ಪ್ರತಿ ದೃಶ್ಯಕ್ಕೂ ಅರ್ಧ ಪುಟ ಕೊಡಿ: ಯಾವ ದಾರಿಯಿಂದ ಒಳಗೆ ಬಂದರು, ಮಾತು ನೇರವೋ ಉಲ್ಟಾವೋ, ಹಿಂದೆ ಯಾವ ಸದ್ದು, ಬೆಳಕು ನಿಂತಿದೆಯೋ ಬಡಿದುಕೊಳ್ಳುತ್ತಿದೆಯೋ, ಹೊರಗೆ ಬಂದಾಗ ಯಾರಲ್ಲಿ ಏನು ಬದಲಾಗಿದೆ. ಅರ್ಥದ ಕಾಲಮ್ಮನ್ನು ಮೊದಲ ಸಲ ಖಾಲಿ ಬಿಡಿ. ಆ ಲೋಕದ ಬಗ್ಗೆ ಯಾರಾದರೂ ವಿವರಣೆ ಕೊಟ್ಟರೆ ಅವರ ಹೆಸರು ತಪ್ಪದೆ ಬರೆಯಿರಿ. ಹಾಕ್ ಹೇಳಿದ್ದು ಕೇಳಿ ಬಂದ ನಂಬಿಕೆ, ಅರ್ಲ್ ಹೇಳಿದ್ದು ಅಧಿಕಾರದ ಹಸಿವಿನಿಂದ ಕೂಡಿಹಾಕಿದ್ದು, ಒಂಟಿಗೈಯ ಮೈಕ್ ಹೇಳಿದ್ದು ಒಂದು ಕಾಲಕ್ಕೆ ಬಾಬ್‌ನ ಜೊತೆಗಾರನಾಗಿದ್ದವನ ಮಾತು. ಮೂವರನ್ನೂ ಒಂದೇ ತೂಕದಲ್ಲಿ ನಂಬಿದ್ದರಿಂದಲೇ ಹೆಚ್ಚಿನ ಗೊಂದಲ ಹುಟ್ಟಿರುತ್ತದೆ.

ಎಲ್ಲ ಮತ್ತೆ ನೋಡಲು ಪುರುಸೊತ್ತಿಲ್ಲದಿದ್ದರೆ ಐದು ಜಾಗ ಸಾಕು: ಪೈಲಟ್ ಸೇರಿಸಿ ಎಣಿಸಿದರೆ ಮೂರನೇ ಕಂತಿನ ಕನಸು, 1991ರ ಕೊನೆಯ ಕಂತಿನ ಕೊನೆಯ 20 ನಿಮಿಷ, ಸಿನಿಮಾದ ರೈಲು ಬೋಗಿಯಿಂದ ದೇವದೂತೆಯವರೆಗೆ, 2017ರ ಎಂಟನೇ ಭಾಗ ಪೂರ್ತಿ, ಆಮೇಲೆ ಹದಿನೆಂಟನೆಯದು. ತಮ್ಮನ ಕೈಗೂ ಒಂದು ನೋಟ್‌ಬುಕ್ ಕೊಡಿ. ಕಾಫಿಯ ದೃಶ್ಯವನ್ನು ಇಬ್ಬರೂ ಬೇರೆ ಬೇರೆ ಬರೆದು ಆಮೇಲೆ ತಾಳೆ ನೋಡಿ.